25,960 ಕೊಟ್ಟರೆ ಆಕೆಗೆ ಸಿಕ್ಕಿದ್ದು 13,087: ಧಾರವಾಡದ ಒಂದು ಮನೆಯ ಪ್ರಕರಣ

2025ರ ಜೂನ್ ಮೂರನೇ ವಾರ. ಜಿಟಿಜಿಟಿ ಮಳೆ ಹಿಡಿದಿತ್ತು. ಧಾರವಾಡದ ಮಾಳಮಡ್ಡಿಯಿಂದ ಒಬ್ಬ ನಿವೃತ್ತ ಮಾಸ್ತರರು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ನನ್ನ ಆಫೀಸಿಗೆ ಬಂದರು. ಪ್ರತಿ ವರ್ಷ ಅವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವನು ನಾನೇ. ಈ ಸಲ ಚೀಲದಲ್ಲಿ ಪೆನ್ಶನ್ ಪಾಸ್‌ಬುಕ್ ಜೊತೆಗೆ ಹನ್ನೊಂದು ಬಿಲ್ಲುಗಳಿದ್ದವು. ಕೂತವರೇ ಕೇಳಿದರು: "ಮನೀ ಕೆಲಸದಾಕಿ ಪಗಾರದ ಮ್ಯಾಲೆ ನಾ ಏನರೆ ಟ್ಯಾಕ್ಸ್ ಕಟ್ಟಬೇಕೇನ್ರಿ? ನನ್ನ ಮಗಳು ಅಮೇರಿಕಾದಿಂದ ದಿನಾ ಫೋನ್ ಮಾಡಿ ಅದನ್ನ ಕೇಳ್ಲಿಕತ್ತಾಳ."

ಈ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಮನೆಕೆಲಸದವರ ಪಗಾರ ಅಂದರೆ ಕೈಯಲ್ಲಿ ಎಣಿಸಿ ಕೊಡುವುದು, ಅಲ್ಲಿಗೆ ಮುಗೀತು. ಅದಕ್ಕೂ ತೆರಿಗೆಗೂ ಸಂಬಂಧ ಇದೆ ಅಂತ ನಾವು ಯೋಚನೆಯನ್ನೇ ಮಾಡುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಮಾಸ್ತರರ ಹೆಂಡತಿಗೆ 2024ರಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಗ ಒಂದು ಏಜೆನ್ಸಿಗೆ ಹೇಳಿ ಒಬ್ಬ ಆರೈಕೆಯ ಹೆಣ್ಣುಮಗಳನ್ನು ಗೊತ್ತು ಮಾಡಿಕೊಂಡರು. ನರೇಂದ್ರ ಕಡೆಯ ಹಳ್ಳಿಯಾಕೆ, ವಯಸ್ಸು 35, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮುಂಜಾನೆ ಒಂಬತ್ತರಿಂದ ಸಂಜೆ ಆರರ ತನಕ ಕೆಲಸ, ನಡುವೆ ಊಟಕ್ಕೆ, ವಿಶ್ರಾಂತಿಗೆ ಒಂದು ತಾಸು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಫಿಜಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಿಸುವುದು. ಹನ್ನೊಂದು ತಿಂಗಳ ಕರಾರು, 2024ರ ಜುಲೈಯಿಂದ 2025ರ ಮೇ ತನಕ. ಕರಾರು ಮುಗಿದ ಮೇಲೆ ಆಕೆಯೂ ಮಾಸ್ತರರೂ ಮಾತಾಡಿಕೊಂಡು, ಜೂನ್ 1ರಿಂದ ಏಜೆನ್ಸಿ ಬಿಟ್ಟು ನೇರವಾಗಿ ಮಾಸ್ತರರ ಮನೆಯವರ ಕೈಕೆಳಗೇ ಕೆಲಸ ಅಂತ ತೀರ್ಮಾನಿಸಿದ್ದರು. ಪಗಾರ ಎಷ್ಟು ಅಂತ ಮಾತ್ರ ಇನ್ನೂ ಗಟ್ಟಿಯಾಗಿರಲಿಲ್ಲ.

ನಾನು ಮೊದಲು ಬಿಲ್ಲು ನೋಡಿದೆ. ತಿಂಗಳ ವೇತನ 15,000. ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮಾಲೀಕರ ಪಾಲು 2,438. ಸೇವಾ ಶುಲ್ಕ 4,562. ಒಟ್ಟು 22,000. ಅದರ ಮೇಲೆ ಶೇಕಡ 18 ಜಿಎಸ್‌ಟಿ 3,960. ಮಾಸ್ತರರು ತಿಂಗಳಿಗೆ ಕೊಟ್ಟಿದ್ದು 25,960 ರೂಪಾಯಿ. ಅಂಗಡಿಕಾರರಾದರೆ ಇಂಥ ಜಿಎಸ್‌ಟಿಯನ್ನು ತಮ್ಮ ಲೆಕ್ಕದಲ್ಲಿ ಮುರಿದುಕೊಳ್ಳಬಹುದಿತ್ತೇನೋ. ಮನೆಗೆ ಆ ದಾರಿ ಇಲ್ಲ, ಕೊಟ್ಟಿದ್ದು ಕೊಟ್ಟ ಹಾಗೆ.

"ಆಕೆಯ ಕೈಗೆ ಎಷ್ಟು ಬರುತ್ತಿತ್ತು?" ಅಂತ ಕೇಳಿದೆ. ಮಾಸ್ತರರಿಗೆ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಮಾಳಮಡ್ಡಿಗೆ ಹೋದೆ. ಅಮ್ಮನವರು ಮಲಗಿದ್ದರು. ಆಕೆ ಹೊರಗಿನ ಕಟ್ಟೆಯ ಮೇಲೆ ಕೂತು ಔಷಧದ ಡಬ್ಬಿಗೆ ವಾರದ ಗುಳಿಗೆ ತುಂಬುತ್ತಿದ್ದಳು. ಪಗಾರ ಎಷ್ಟವ್ವಾ ಅಂತ ಕೇಳಿದೆ. "ಹದಿಮೂರು ಸಾವಿರದಾ ಎಂಬತ್ತೇಳು ರೂಪಾಯಿ ರೀ" ಅಂದಳು. "ನಗದು ಕೊಟ್ಟು ಸಹಿ ಮಾಡಿಸಿಕೋತಿದ್ರು. ಎಂಬತ್ತೇಳು ಯಾಕ ಅಂತ ಒಮ್ಮಿ ಕೇಳಿದ್ನಿ. ಅದು ಹಂಗ ಐತಿ ಅಂದ್ರು."

ಆ ಎಂಬತ್ತೇಳು ರೂಪಾಯಿ ಚಿಲ್ಲರೆಯೇ ನನಗೆ ಇಡೀ ವಿಷಯ ಹೇಳಿತು. ಯಾರೂ ಪಗಾರವನ್ನು 13,087 ಅಂತ ಮಾತಾಡುವುದಿಲ್ಲ. ಅದು ಯಾವುದೋ ಲೆಕ್ಕ ಕಳೆದು ಉಳಿದ ಹಣ. 15,000ಕ್ಕೆ ನೌಕರರ ಪಿಎಫ್ ಪಾಲು ಶೇಕಡ 12, ಅಂದರೆ 1,800. ಇಎಸ್‌ಐ ಪಾಲು ಶೇಕಡ 0.75, ಅಂದರೆ 113. ಎರಡೂ ಸೇರಿ 1,913. ಕಳೆದರೆ ಸರಿಯಾಗಿ 13,087. ಬಿಲ್ಲಿನಲ್ಲಿದ್ದ 2,438 ಕೂಡ ಹೀಗೇ ಬಂದದ್ದು. ಮಾಲೀಕರ ಪಾಲಿನ ಪಿಎಫ್ ಎಲ್ಲ ಖರ್ಚು ಸೇರಿ ಶೇಕಡ 13, ಅದು 1,950. ಇಎಸ್‌ಐ ಶೇಕಡ 3.25, ಅದು 488. ಏಜೆನ್ಸಿಯ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ.

ಹಣ ಎಲ್ಲಿಗೆ ಹೋಯಿತು ಅನ್ನುವುದು ಬೇರೆ ಮಾತು. ಆಕೆಯ ಮೊಬೈಲಿನಲ್ಲಿ ಸರಕಾರದ ಉಮಂಗ್ ಆಪ್ ಹಾಕಿದೆವು. ಆಧಾರ್ ನಂಬರ್ ಕೊಟ್ಟು ಹುಡುಕಿದಾಗ ಯುಎಎನ್, ಅಂದರೆ ಆಕೆಯ ಪಿಎಫ್ ನಂಬರ್, ಸಿಕ್ಕಿತು. ಆ ನಂಬರ್ ತನಗಿದೆ ಅಂತ ಆಕೆಗೆ ಗೊತ್ತೇ ಇರಲಿಲ್ಲ. ಪಾಸ್‌ಬುಕ್ ತೆರೆದರೆ ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನಾಲ್ಕೇ ತಿಂಗಳು. ಆಮೇಲೆ ಖಾಲಿ. ಪಿಎಫ್ ಆಗಲಿ ಇಎಸ್‌ಐ ಆಗಲಿ, ಒಂದು ತಿಂಗಳ ಹಣವನ್ನು ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. ಜೂನ್ 15 ದಾಟಿತ್ತು. ಅಂದರೆ ನವೆಂಬರಿನಿಂದ ಮೇ ತನಕ ಏಳು ತಿಂಗಳು ಆಕೆಯ ಪಗಾರದಿಂದ ಮುರಿದಿದ್ದೂ ಕಟ್ಟಿಲ್ಲ, ಮಾಸ್ತರರಿಂದ ತಗೊಂಡಿದ್ದೂ ಕಟ್ಟಿಲ್ಲ. ಆಕೆಯ ಪಾಲೊಂದೇ 12,600 ರೂಪಾಯಿ. ಇಎಸ್‌ಐ ಕಾರ್ಡನ್ನಂತೂ ಕೈಗೇ ಕೊಟ್ಟಿರಲಿಲ್ಲ. ಫೆಬ್ರುವರಿಯಲ್ಲಿ ಸಣ್ಣ ಮಗನಿಗೆ ಜ್ವರ ಬಂದು ಖಾಸಗಿ ಆಸ್ಪತ್ರೆಗೆ 6,400 ಕಟ್ಟಿದ್ದಳು. ಅದಕ್ಕೆ ಮಾಸ್ತರರಿಂದಲೇ ಕೈಗಡ ತಗೊಂಡಿದ್ದಳು. ಕಾರ್ಡ್ ಇದ್ದಿದ್ದರೆ ಇಎಸ್‌ಐ ಆಸ್ಪತ್ರೆಯಲ್ಲಿ ಆ ಹುಡುಗನಿಗೆ ಬಿಟ್ಟಿ ಚಿಕಿತ್ಸೆ ಸಿಗುತ್ತಿತ್ತು.

ಮಾಸ್ತರರು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾ ತಿಂಗಳಾ ತಪ್ಪದ ಕೊಟ್ಟೇನಿ, ಆಕಿಗೆ ಮುಟ್ಟೇದನೋ ಇಲ್ಲೋ ಒಂದ್ ಸಲಾನೂ ಕೇಳಲಿಲ್ಲ" ಅಂದರು. ಈ ಮಾತು ನಮ್ಮೆಲ್ಲರಿಗೂ ಹತ್ತುತ್ತದೆ. ಬಿಲ್ಲಿನಲ್ಲಿ ಪಿಎಫ್ ಅಂತ ಬರೆದಿದ್ದರೆ ಅದರ ಚಲನ್ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಏನಿದೆ? ಏಜೆನ್ಸಿಯಿಂದ ಜನ ತಗೊಂಡವರು ಮೂರು ತಿಂಗಳಿಗೊಮ್ಮೆಯಾದರೂ ಆಕೆಯ ಪಾಸ್‌ಬುಕ್ಕನ್ನು ಆಕೆಯ ಜೊತೆ ಕೂತು ನೋಡಬೇಕು. ಐದು ನಿಮಿಷದ ಕೆಲಸ.

ಆವತ್ತೇ ಪಿಎಫ್ ಸಂಸ್ಥೆಯ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ಆಕೆಯ ಹೆಸರಿನಿಂದ ದೂರು ಹಾಕಿದೆವು. ಹನ್ನೊಂದೂ ಬಿಲ್ಲುಗಳನ್ನು ಫೋಟೋ ತೆಗೆದು ಸೇರಿಸಿದೆವು. ಒಂದು ಪ್ರತಿಯನ್ನು ಹುಬ್ಬಳ್ಳಿ ನವನಗರದ ಪಿಎಫ್ ಕಚೇರಿಗೂ ಕೊಟ್ಟೆವು. ಮನೆಯವರು ಬಿಲ್ಲು ಜೋಪಾನ ಮಾಡಿದ್ದಕ್ಕೇ ದೂರು ಗಟ್ಟಿಯಾಯಿತು. ಆಕೆಯ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಈಗ ಮಗಳ ಪ್ರಶ್ನೆ. ಆಕೆ ನ್ಯೂಜೆರ್ಸಿಯಲ್ಲಿದ್ದಾಳೆ. ಮಗುವನ್ನು ನೋಡಿಕೊಳ್ಳಲು ವಾರಕ್ಕೆ 500 ಡಾಲರ್ ಕೊಟ್ಟು ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದಾಳೆ. ಅಲ್ಲಿನ ಕಾನೂನಿನಲ್ಲಿ ಮನೆಗೆ ಬಂದು, ನೀವು ಹೇಳಿದ ಹಾಗೆ ಕೆಲಸ ಮಾಡುವವರು ನಿಮ್ಮ ನೌಕರರು, ನೀವು ಮಾಲೀಕರು. 2025ರಲ್ಲಿ ಒಬ್ಬರಿಗೆ ವರ್ಷಕ್ಕೆ 2,800 ಡಾಲರ್ ಅಥವಾ ಅದಕ್ಕೆ ಮೇಲೆ ಕೊಟ್ಟರೆ ಸೋಷಿಯಲ್ ಸೆಕ್ಯುರಿಟಿಗೆ (ಮುಪ್ಪಿನ ಪೆನ್ಶನ್) ಶೇಕಡ 6.2, ಮೆಡಿಕೇರ್‌ಗೆ (ಮುಪ್ಪಿನ ಆರೋಗ್ಯ ವಿಮೆ) ಶೇಕಡ 1.45, ಒಟ್ಟು ಶೇಕಡ 7.65 ಕೆಲಸದಾಕೆಯ ಪಗಾರದಿಂದ ಮುರಿಯಬೇಕು. ಅಷ್ಟನ್ನೇ ಮನೆಯವರೂ ಹಾಕಬೇಕು. ವಾರದ 500ಕ್ಕೆ ಇಬ್ಬರಿಂದಲೂ 38.25 ಡಾಲರ್. ಯಾವುದೇ ಮೂರು ತಿಂಗಳ ಕಂತಿನಲ್ಲಿ 1,000 ಡಾಲರ್ ಮುಟ್ಟಿದರೆ ನಿರುದ್ಯೋಗ ತೆರಿಗೆ ಬೇರೆ. ಅದು ಮೊದಲ 7,000 ಡಾಲರ್‌ಗೆ ಶೇಕಡ 6, ರಾಜ್ಯದ ತೆರಿಗೆಯನ್ನು ಸರಿಯಾಗಿ ಕಟ್ಟಿದವರಿಗೆ ಶೇಕಡ 0.6ಕ್ಕೆ ಇಳಿಯುತ್ತದೆ. ಇದನ್ನೆಲ್ಲ ಮನೆಯವರು ತಮ್ಮ ರಿಟರ್ನ್ ಜೊತೆಗೆ ಶೆಡ್ಯೂಲ್ ಎಚ್ ಅನ್ನುವ ಫಾರ್ಮಿನಲ್ಲಿ ತೋರಿಸಬೇಕು. ಕೆಲಸದಾಕೆಗೆ ವರ್ಷದ ಪಗಾರದ ಡಬ್ಲ್ಯೂ-2 ಚೀಟಿ ಕೊಡಬೇಕು.

ವಿಡಿಯೋ ಕಾಲ್‌ನಲ್ಲಿ ಆಕೆ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಅಂಕಲ್, ಮೊದ್ಲು ನನಗೂ ಇದು ಕಿರಿಕಿರಿ ಅನಿಸಿತ್ತು. ಆದ್ರ ನಾ ಕಟ್ಟಿದ ರೊಕ್ಕ ಆಕಿ ಹೆಸರಿನ್ಯಾಗ ಜಮಾ ಆಗ್ತದ, ಮುಂದ ಆಕಿಗೆ ಪೆನ್ಶನ್ ಆಗ್ತದ. ನಮ್ಮವ್ವನ್ನ ನೋಡಿಕೊಳ್ಳಾಕಿಗೆ ಅಲ್ಲೆ ಏನದ?"

ನಮ್ಮ ಕಡೆಯ ಉತ್ತರ ಬಿಡಿಸಿ ಹೇಳುತ್ತೇನೆ. ಏಜೆನ್ಸಿ ಇದ್ದಾಗ ಮಾಲೀಕರು ಏಜೆನ್ಸಿ. ಪಿಎಫ್, ಇಎಸ್‌ಐ ಎಲ್ಲ ಅವರ ಜವಾಬ್ದಾರಿ. ನೇರ ಇಟ್ಟುಕೊಂಡ ದಿನದಿಂದ ಮಾಲೀಕರು ಮಾಸ್ತರರು. ಆದರೆ ಪಿಎಫ್ ಕಾನೂನು ಹಿಡಿಯುವುದು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳನ್ನು, ಇಎಸ್‌ಐ 10 ಅಥವಾ ಹೆಚ್ಚು ಜನರಿರುವಲ್ಲಿ. ಒಬ್ಬಾಕೆ ಕೆಲಸ ಮಾಡುವ ಮನೆ ಎರಡಕ್ಕೂ ಬರುವುದಿಲ್ಲ. ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳ ಪಗಾರ 25,000 ಮುಟ್ಟಿದರೆ ಮಾತ್ರ. ನೌಕರರು ಮಾಲೀಕರಿಗೆ ಮಾಡುವ ಕೆಲಸಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ 3,960 ಪೂರ್ತಿ ನಿಂತಿತು.

ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದು ಕಟ್ಟುವ ತೆರಿಗೆ, ಅದರ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು. ಸಂಬಳ ಕೊಡುವ ಯಾರಾದರೂ, ಮನೆಯವರೂ ಸೇರಿ, ಆ ಸಂಬಳಕ್ಕೆ ತೆರಿಗೆ ಬೀಳುವಂತಿದ್ದರೆ ಮುರಿದು ಕಟ್ಟಬೇಕು. ಮನೆ ಅಂತ ವಿನಾಯಿತಿ ಇಲ್ಲ. ಆದರೆ 2025-26ರ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ತಿಂಗಳಿಗೆ 18,000 ಅಂದರೂ ವರ್ಷಕ್ಕೆ 2,16,000. ಮುರಿಯುವಂಥದ್ದು ಏನೂ ಇಲ್ಲ, ಮುರಿದು ಕಟ್ಟುವವರಿಗೆ ಬೇಕಾಗುವ ಟ್ಯಾನ್ ನಂಬರ್ ತಗೊಳ್ಳುವ ಗೋಜೂ ಇಲ್ಲ.

"ಹಂಗಾರ ಈ ಖರ್ಚು ನನ್ನ ಟ್ಯಾಕ್ಸಿನ್ಯಾಗ ಕಳೀಬಹುದೇನ್ರಿ?" ಇದು ಮಾಸ್ತರರ ಎರಡನೇ ಪ್ರಶ್ನೆ. ಮನೆಕೆಲಸದ ಪಗಾರ ಸ್ವಂತ ಖರ್ಚು, ಅದಕ್ಕೆ ಕಡಿತ ಇಲ್ಲ. ಒಂದು ದಾರಿ ಮಾತ್ರ ಇದೆ. ಅವಲಂಬಿತರಿಗೆ ಶೇಕಡ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಆಗಿನ ಆದಾಯ ತೆರಿಗೆ ಕಾನೂನಿನ 80ಡಿಡಿ ಕಲಮಿನಲ್ಲಿ 75,000, ಶೇಕಡ 80 ಅಥವಾ ಹೆಚ್ಚಿದ್ದರೆ 1,25,000 ಕಳೆಯಬಹುದು. ಶುಶ್ರೂಷೆಯ ಖರ್ಚೂ ಅದರಲ್ಲಿ ಸೇರಿದೆ. ಆದರೆ ಅದು ಹಳೆ ಪದ್ಧತಿಯವರಿಗೆ. ಮಾಸ್ತರರ ಪೆನ್ಶನ್ ತಿಂಗಳಿಗೆ 48,000, ಬ್ಯಾಂಕ್ ಬಡ್ಡಿ ವರ್ಷಕ್ಕೆ 1.6 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ರಿಬೇಟ್ ಸಿಕ್ಕು ತೆರಿಗೆ ಸೊನ್ನೆಯಾಗುವಾಗ ಅವರಿಗೆ ಅದರ ಅವಶ್ಯಕತೆಯೇ ಇಲ್ಲ. ಮಗಳು ಕಳಿಸುವ ಹಣ ಹತ್ತಿರದ ಸಂಬಂಧಿಕರ ಕೊಡುಗೆ, ಅದಕ್ಕೂ ತೆರಿಗೆ ಇಲ್ಲ.

ಹೀಗೆ ತೆರಿಗೆ ಲೆಕ್ಕ ಸೊನ್ನೆಗೆ ಬಂದು ನಿಂತಿತು. ಮಾಸ್ತರರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ನ್ಯೂಜೆರ್ಸಿಯಲ್ಲಿ ಕಾನೂನೇ ಮನೆಯವರ ಕೈಹಿಡಿದು ಕಟ್ಟಿಸುತ್ತದೆ. ಇಲ್ಲಿ ನಾವು ಏನೂ ಕಟ್ಟಬೇಕಾಗಿಲ್ಲ ಅಂದರೆ ಆಕೆಯ ಮುಪ್ಪು ಯಾರ ಪುಸ್ತಕದಲ್ಲೂ ಬರೆದಿಲ್ಲ ಅಂತಲೇ ಅರ್ಥ. ಏಜೆನ್ಸಿಯಲ್ಲಿ ಕಾಗದದ ಮೇಲಾದರೂ ಪಿಎಫ್ ಇತ್ತು. ಮನೆಗೆ ನೇರ ಬಂದ ದಿನ ಅದೂ ಹೋಯಿತು. ಪಗಾರ ಜಾಸ್ತಿ ಮಾಡಿದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಕ್ಕಳ ಫೀಸು, ಸಂಘದ ಸಾಲದ ಕಂತು ಇರುವ ಮನೆಯಲ್ಲಿ ಕೈಗೆ ಬಂದ ಹಣ ಮುಪ್ಪಿನ ತನಕ ಉಳಿಯುವುದಿಲ್ಲ.

ಮೊದಲು ನೋಡಿದ್ದು ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ ಯೋಜನೆ. 35ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 150 ರೂಪಾಯಿ, ಕೇಂದ್ರ ಸರಕಾರವೂ 150 ಹಾಕುತ್ತದೆ, 60ರ ನಂತರ ತಿಂಗಳಿಗೆ 3,000 ಪೆನ್ಶನ್. ಆದರೆ ತಿಂಗಳ ಆದಾಯ 15,000 ದಾಟಬಾರದು, ಪಿಎಫ್ ಸದಸ್ಯರಾಗಿರಬಾರದು. ಮಾಸ್ತರರು ಮೆಲ್ಲಗೆ ಕೇಳಿದರು: "ಕಾಗದದಾಗ 14,900 ಅಂತ ಬರೆದು ಉಳಿದಿದ್ದು ಕೈಯಾಗ ಕೊಟ್ರ?" ಬೇಡ ಅಂದೆ. ಸುಳ್ಳು ಅಂಕಿಯ ಮೇಲೆ ಕಟ್ಟಿದ ಪೆನ್ಶನ್ ಇಪ್ಪತ್ತೈದು ವರ್ಷದ ನಂತರ ಯಾರಾದರೂ ತೆರೆದು ನೋಡಿದರೆ ಕಷ್ಟ ಆಕೆಗೇ, ಆಗ ನಾವ್ಯಾರೂ ಇರುವುದಿಲ್ಲ. ಏಳು ತಿಂಗಳು ಒಬ್ಬರ ಸುಳ್ಳು ಕಾಗದದಿಂದ ನೊಂದವಳಿಗೆ ಇನ್ನೊಂದು ಸುಳ್ಳು ಕಾಗದ ಯಾಕೆ?

ಅಟಲ್ ಪೆನ್ಶನ್ ಯೋಜನೆಗೆ ಆದಾಯದ ಮಿತಿ ಇಲ್ಲ. ವಯಸ್ಸು 18ರಿಂದ 40ರ ಒಳಗಿರಬೇಕು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. 35ಕ್ಕೆ ಸೇರಿದರೆ ತಿಂಗಳಿಗೆ 902 ರೂಪಾಯಿ, 60ರ ನಂತರ ಜೀವಮಾನವಿಡೀ ತಿಂಗಳಿಗೆ 5,000. ಆಕೆಯ ನಂತರ ಗಂಡನಿಗೂ ಬರುತ್ತದೆ. ಅದನ್ನೇ ಆರಿಸಿದೆವು. ಕಂತು ಮನೆಯವರದು. ಬ್ಯಾಂಕಿನಲ್ಲೇ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ವಿಮೆ, 20 ರೂಪಾಯಿಯ ಸುರಕ್ಷಾ ವಿಮೆಗೂ ಸಹಿಯಾಯಿತು. ಎರಡರಲ್ಲೂ 2 ಲಕ್ಷದ ರಕ್ಷಣೆ.

ಇದಕ್ಕೆಲ್ಲ ಬ್ಯಾಂಕ್ ಖಾತೆ ಬೇಕು. ಅಲ್ಲಿ ಆಕೆಯೇ ತಡೆದಳು. "ಅಕೌಂಟಿಗೆ ಪಗಾರ ಹಾಕಬ್ಯಾಡ್ರಿ. ರೇಶನ್ ಕಾರ್ಡ್ ಹೋಕ್ಕೈತಿ. ಗೃಹಲಕ್ಷ್ಮಿ ನಿಂತು ಹೋಕ್ಕೈತಿ."

ಈ ಭಯವನ್ನು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಗೃಹಲಕ್ಷ್ಮಿಯ 2,000 ನಿಲ್ಲುವುದು ಆಕೆ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ. ಬ್ಯಾಂಕಿಗೆ ಪಗಾರ ಬಂದ ಮಾತ್ರಕ್ಕೆ ಅಲ್ಲ. ಬಿಪಿಎಲ್ ಕಾರ್ಡಿನ ಮಾತು ಬೇರೆ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷದ ಒಳಗಿರಬೇಕು. ಆಕೆಯ ಪಗಾರ ಏಜೆನ್ಸಿಯಲ್ಲಿದ್ದಾಗಲೇ ಅದನ್ನು ದಾಟಿತ್ತು. ನಗದು ಕೊಟ್ಟರೂ ಆದಾಯ ಆದಾಯವೇ. ಇದನ್ನು ಮುಚ್ಚಿಡದೆ ಆಕೆಗೂ ಗಂಡನಿಗೂ ಹೇಳಿದೆ, ಮನೆಯಲ್ಲಿ ಮಾತಾಡಿಕೊಂಡು ಹೇಳಿ ಅಂದೆ. ಹತ್ತು ದಿನದ ಮೇಲೆ ಆಕೆಯೇ ಫೋನ್ ಮಾಡಿದಳು. "ಹಾಕ್ರಿ ಅಕೌಂಟಿಗೆ. ಸಂಘದ ಸಾಲಕ್ಕ ಬಡ್ಡಿ ಭಾಳ ಆಗ್ಲಿಕತ್ತೈತಿ. ಬ್ಯಾಂಕಿನ್ಯಾಗ ಪಗಾರ ಕಂಡ್ರ ಅವ್ರ ಸಾಲಾ ಕೊಡ್ತಾರಂತ." ಕಾರ್ಡ್ ಹೋದರೆ ಆಸ್ಪತ್ರೆಗೆ ಏನು ಗತಿ ಅನ್ನುವುದೇ ನನ್ನ ಚಿಂತೆಯಾಗಿತ್ತು. ಆಕೆ ಊರಿನ ಹಾಲಿನ ಸಂಘದ ಸದಸ್ಯೆ ಅಂತ ಆಗ ಗೊತ್ತಾಯಿತು. ಸಹಕಾರ ಸಂಘದವರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದ ತನಕ ಚಿಕಿತ್ಸೆ. ನೋಂದಣಿ ಶುರುವಾದಾಗ ಕಟ್ಟಬೇಕು ಅಂತ ಮಾಸ್ತರರು ಕ್ಯಾಲೆಂಡರಿನಲ್ಲಿ ಬರೆದಿಟ್ಟರು.

ಪಗಾರ 18,000 ಅಂತ ನಿಗದಿಯಾಯಿತು. ಮನೆಕೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿದೆ ಅನ್ನುವುದು ಎಷ್ಟೋ ಮನೆಯವರಿಗೆ ಗೊತ್ತಿಲ್ಲ. ಅದಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಆದ್ದರಿಂದ ಪ್ರತಿ ಏಪ್ರಿಲ್ ಕಾರ್ಮಿಕ ಇಲಾಖೆಯ ದರ ನೋಡಿ ಪಗಾರ ಪರಿಶೀಲಿಸಬೇಕು ಅಂತ ಬರೆದುಕೊಂಡೆವು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡುವ ಹಣ, ಅದರ ಕಾನೂನು ಮನೆಗೆ ಅನ್ವಯಿಸುವುದಿಲ್ಲ. ಆದರೂ ಅದೇ ಲೆಕ್ಕ ಹಿಡಿದು, ತಿಂಗಳಿಗೆ 26 ದಿನದಂತೆ ವರ್ಷಕ್ಕೆ ಹದಿನೈದು ದಿನದ ಪಗಾರ 10,385 ಅಂತ ಮಾಡಿ, ಹತ್ತರ ಲೆಕ್ಕಕ್ಕೆ ಏರಿಸಿ ತಿಂಗಳಿಗೆ 870 ರೂಪಾಯಿ ಆಕೆಯ ಹೆಸರಿನ ಅಂಚೆ ಕಚೇರಿ ಆರ್‌ಡಿಗೆ ಹಾಕಲು ಒಪ್ಪಿದರು. ಇದು ಮಗಳ ಹಟ.

ಎಲ್ಲ ಸೇರಿ ಮನೆಗೆ ಈಗ ತಿಂಗಳಿಗೆ ಸುಮಾರು 19,850 ಬೀಳುತ್ತದೆ. ಮೊದಲಿಗಿಂತ ಆರು ಸಾವಿರ ಕಡಿಮೆ. ಆಕೆಯ ಕೈಗೆ ಸುಮಾರು ಐದು ಸಾವಿರ ಜಾಸ್ತಿ. ಏಜೆನ್ಸಿಯಿಂದ ಒಂದು ಅನುಕೂಲವಂತೂ ಇತ್ತು. ಆಕೆ ರಜೆ ಹಾಕಿದ ದಿನ ಬೇರೆಯವರನ್ನು ಕಳಿಸುತ್ತಿದ್ದರು. ಈಗ ಆ ದಿನ ಮಾಸ್ತರರೇ ನಿಲ್ಲಬೇಕು. ಎಪ್ಪತ್ತೊಂದರ ವಯಸ್ಸಿಗೆ ಅದು ಸಣ್ಣ ಮಾತಲ್ಲ. ಅದಕ್ಕೇ ಉಳಿದ ಆರು ಸಾವಿರದಲ್ಲಿ ಎರಡು ಸಾವಿರ ಬದಲಿಯವರಿಗಾಗಿ ಬೇರೆ ತೆಗೆದಿಡಲು ಹೇಳಿದೆ.

ಮಾಸ್ತರರು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದರು. ಎಡಪುಟದಲ್ಲಿ ಹಾಜರಿ, ರಜೆ. ಬಲಪುಟದಲ್ಲಿ ಪಗಾರ, ಪೆನ್ಶನ್ ಕಂತು, ಆರ್‌ಡಿ, ಕೈಗಡದ 6,400ರಲ್ಲಿ ತಿಂಗಳಿಗೆ 400ರಂತೆ ತೀರಿದ್ದು. ಕೆಳಗೆ ಇಬ್ಬರ ಸಹಿ. ತಿಂಗಳ ಕೊನೆಗೆ ಆಕೆ ತನ್ನ ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಳ್ಳುತ್ತಾಳೆ. ಭಾನುವಾರ ಪಗಾರ ಸಹಿತ ರಜೆ.

ಆಮೇಲೆ ಅದೇ ವರ್ಷ ರಾಜ್ಯ ಸರಕಾರ ಮನೆಕೆಲಸದವರ ಸಾಮಾಜಿಕ ಭದ್ರತೆಗೆ ಒಂದು ಮಸೂದೆಯ ಕರಡು ಹೊರಡಿಸಿತು. ಕೆಲಸಗಾರರೂ ಮಾಲೀಕರೂ ನೋಂದಣಿಯಾಗಬೇಕು, ಪಗಾರದ ಶೇಕಡ 5ರ ತನಕ ಕಲ್ಯಾಣ ಶುಲ್ಕ ಕಟ್ಟಬೇಕು ಅಂತ ಅದರಲ್ಲಿದೆ. 18,000ಕ್ಕೆ ಅದು ಹೆಚ್ಚೆಂದರೆ 900 ರೂಪಾಯಿ. ಮಾಸ್ತರರಿಗೆ ಫೋನ್ ಮಾಡಿ ಹೇಳಿದೆ. "ಬರ್ಲಿ ಬಿಡ್ರಿ, ನಾವೀಗ 902 ಕಟ್ಟೇ ಕಟ್ಟೀವಲ್ಲ" ಅಂದರು.

ಪಿಎಫ್ ದೂರಿನ ನಂತರ ಏಜೆನ್ಸಿಯವರು ಐದು ತಿಂಗಳ ಹಣ ಕಟ್ಟಿದರು. ಅಕ್ಟೋಬರಿನಲ್ಲಿ ಅದು ಆಕೆಯ ಪಾಸ್‌ಬುಕ್ಕಿನಲ್ಲಿ ಕಂಡಿತು. ತಡವಾಗಿ ಕಟ್ಟಿದ್ದಕ್ಕೆ ವರ್ಷಕ್ಕೆ ಶೇಕಡ 12ರ ಬಡ್ಡಿ ಏಜೆನ್ಸಿಯ ಮೇಲಿದೆ. 2025ರ ಏಪ್ರಿಲ್ ಮತ್ತು ಮೇ ತಿಂಗಳದ್ದು ಇನ್ನೂ ಬಂದಿಲ್ಲ. ದೂರು ತೆರೆದೇ ಇದೆ. ಆಕೆ ಪ್ರತಿ ತಿಂಗಳು 16ನೇ ತಾರೀಖು ಪಾಸ್‌ಬುಕ್ ತೆರೆದು ನೋಡಿ ನನಗೆ ಒಂದು ಮೆಸೇಜ್ ಹಾಕುತ್ತಾಳೆ.